ಡ್ರೈವರಮ್ಮನ ಮೈಬಣ್ಣ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರಾಗಿದ್ದ ಅವರನ್ನು ನಮ್ಮ ಬೀದಿಯವರೆಲ್ಲ ನಲ್ಲಿ ಸಾಹೇಬರು ಎಂದು ಕರೆಯುತ್ತಿದ್ದರು. ಅವರು ಸಾಹೇಬರೂ ಅಲ್ಲ, ಅವರಿಂದಾಗಿ ಯಾರ ನಲ್ಲಿಯಲ್ಲೂ ನೀರು ಬಂದದ್ದೂ ಇಲ್ಲ. ಆದರೆ ದೂರು ಹೇಳಲು ಹೋದವರ ಮಾತನ್ನು ಕೊನೆಯವರೆಗೂ ತಲೆಯಾಡಿಸುತ್ತ ಎಷ್ಟು ಮರುಕದಿಂದ ಕೇಳುತ್ತಿದ್ದರೆಂದರೆ, ಸಿಟ್ಟಿನಿಂದ ಹೋದವರು ಅವರನ್ನೇ ಸಮಾಧಾನ ಮಾಡಿ ಬರುತ್ತಿದ್ದರು. ಆ ಕಚೇರಿಯಲ್ಲಿ ತಡೆಯಿಲ್ಲದೆ ಹರಿಯುತ್ತಿದ್ದದ್ದು ಅವರ ಮರುಕ ಒಂದೇ.

ಅಂಥವರ ಬಾಯಿಂದ ಒಂದು ದಿನ ಸುಳ್ಳೊಂದು ಜಾರಿಬಿತ್ತು. ಅದೂ ಫೋನಿನಲ್ಲಿ, ಒಂದು ಮಕ್ಕಳ ಪತ್ರಿಕೆಯ ಸಂಪಾದಕರಿಗೆ.

ಸಾಹೇಬರ ಹೆಂಡತಿ ಆ ಪತ್ರಿಕೆಗೆ ಬಹಳ ಕಾಲದಿಂದ ಚಿತ್ರ ಬರೆಯುತ್ತಿದ್ದರು. ಕಾಗದ, ಕುಂಚಗಳ ಕಾಲ ಮುಗಿದ ಮೇಲೆ ಟ್ಯಾಬ್ ಕೊಂಡು, ಗಾಜಿನ ಮೇಲೆ ಪೆನ್ನಾಡಿಸಿ ಬರೆಯುವುದನ್ನೂ ಕಲಿತಿದ್ದರು. ಕೊನೆಯದಾಗಿ ಅವರು ಶುರು ಮಾಡಿದ್ದು ಡ್ರೈವರಮ್ಮ ಎಂಬ ಹೊಸ ಪಾತ್ರ. ಐವತ್ತರ ಆಸುಪಾಸಿನ, ಖಾಕಿ ಅಂಗಿಯ ಬಸ್ ಡ್ರೈವರ್ ಅವಳು. ಮುಂಗೂದಲಲ್ಲಿ ಒಂದು ಬಿಳಿ ಎಳೆ, ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ದಾರಿ ತಪ್ಪಿದಾಗಲೆಲ್ಲ ಅವಳ ಬಸ್ಸು ಮೋಡದ ಮೇಲೋ ತಿಮಿಂಗಿಲದ ಬೆನ್ನ ಮೇಲೋ ಹೋಗಿ ನಿಲ್ಲುತ್ತಿತ್ತು. ಗೆರೆಗಳೆಲ್ಲ ಮುಗಿದಿದ್ದವು. ಬಣ್ಣ ತುಂಬುವಷ್ಟರಲ್ಲಿ ಬರೆದಾಕೆಯೇ ಹೊರಟುಹೋದರು.

ಸಂಪಾದಕರು ಒಳ್ಳೆಯವರು. ಮೊದಲು ಸಂತಾಪ ಹೇಳಿದರು. ಆಮೇಲೆ, ಗೆರೆಚಿತ್ರಗಳನ್ನು ಹಾಗೆಯೇ ಕಳಿಸಿದರೆ ತಮ್ಮ ಕಚೇರಿಯ ಕಲಾವಿದನಿಂದ ಬಣ್ಣ ಹಾಕಿಸಿಕೊಳ್ಳುವುದಾಗಿ ಮೆತ್ತಗೆ ಸೂಚಿಸಿದರು. ಯಾವನೋ ಒಬ್ಬ ತನ್ನ ಹೆಂಡತಿಯ ಗೆರೆಗಳೊಳಗೆ ಬಣ್ಣ ಸುರಿಯುತ್ತಾನೆ ಎನ್ನುವುದು ಸಾಹೇಬರ ಎದೆಗೆ ಹೇಗೆ ತಾಗಿತೋ, ಅವರ ನಾಲಿಗೆ ತಾನಾಗಿಯೇ ಹೊರಳಿತು. "ಬೇಡಿ ಸಾರ್. ಬಣ್ಣ ಯಾವಾಗಲೂ ನಾನೇ ಹಾಕ್ತಿದ್ದದ್ದು."

ಬಣ್ಣದ ವಿಚಾರದಲ್ಲಿ ಸಾಹೇಬರ ಪೂರ್ವಾನುಭವ ಇಷ್ಟೇ: ಹಿಂದೊಮ್ಮೆ ಮನೆಯ ಗೇಟಿಗೆ ಬಣ್ಣ ಬಳಿದು, ಕೆಲಸ ಚೆನ್ನಾಗಾಯಿತೆಂಬ ತೃಪ್ತಿಯಲ್ಲಿ ಅದಕ್ಕೇ ಒರಗಿ ನಿಂತಿದ್ದರು.

ಹೀಗೆ ಅವರಿಗೆ ಒಬ್ಬ ಗುರುಗಳು ಬೇಕಾದರು. ಝೆರಾಕ್ಸ್ ಅಂಗಡಿಯ ಗೋಡೆಯಲ್ಲಿ ಸಿಕ್ಕರು. ಮನೆಯಲ್ಲೇ ಕುಳಿತು ಡಿಜಿಟಲ್ ಚಿತ್ರಕಲೆ ಕಲಿಯಿರಿ ಎಂಬ ಚೀಟಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಾಗ ಗುಡುಗಿನಂಥ ಒಂದು ದನಿ ಬಂತು. ಈ ಬಣ್ಣದ ಮೇಷ್ಟ್ರು ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ, ಫೋನ್ ಇಲ್ಲದಿದ್ದರೂ ಕೇಳಿಸುತ್ತಿತ್ತೇನೋ. ಸಾಹೇಬರ ಒಂದು ಕಿವಿ ಸ್ವಲ್ಪ ಮಂದ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಟ್ಯಾಬ್. ಹಾಗಾಗಿ ಫೋನು ಸ್ಪೀಕರಿನಲ್ಲಿ. ಇನ್ನು ನೆಟ್‌ವರ್ಕ್ ಎಂಬುದು ಆ ಮನೆಯಲ್ಲಿ ಸಿಗುತ್ತಿದ್ದದ್ದು ಹೊರಗಿನ ಮೆಟ್ಟಿಲ ಮೇಲೆ ಮಾತ್ರ. ದಿನವೂ ಸಂಜೆ ಅಲ್ಲಿ ಪಾಠ ಶುರುವಾಯಿತು. ಪಕ್ಕದ ಮನೆಯ ಕಿಟಕಿಗೂ ಆ ಮೆಟ್ಟಿಲಿಗೂ ನಡುವೆ ಇದ್ದದ್ದು ಒಂದು ಮೋಟು ಗೋಡೆ. ಕಿಟಕಿಯ ಹಿಂದೆ ಇದ್ದವರು, ಭೂಗೋಳ ಕಲಿಸಿ ನಿವೃತ್ತರಾಗಿದ್ದ ಟೀಚರಮ್ಮ.

ಮೊದಲ ಪಾಠದಲ್ಲೇ ಅನಾಹುತವಾಯಿತು. ಮುಖದ ಗೆರೆಯೊಳಗೆ ಒಮ್ಮೆ ಒತ್ತಿದರೆ ಬಣ್ಣ ತಾನೇ ತುಂಬಿಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಸಾಹೇಬರು ಒತ್ತಿದರು. ಡ್ರೈವರಮ್ಮನ ಮುಖಕ್ಕಷ್ಟೇ ಅಲ್ಲ, ಬಸ್ಸು, ಮೋಡ, ಆಕಾಶ, ತಿಮಿಂಗಿಲ ಎಲ್ಲಕ್ಕೂ ಗೋಧಿ ಬಣ್ಣ ಬಂತು. ಗೆರೆಯಲ್ಲಿ ಎಲ್ಲೋ ಸಣ್ಣ ಬಿರುಕಿದೆ, ಬಣ್ಣ ಸೋರುತ್ತಿದೆ, ಹುಡುಕಿ ಮುಚ್ಚಿ ಎಂದರು ಮೇಷ್ಟ್ರು. ಸೋರಿಕೆಯ ದೂರು ಬಂದರೆ ಮೊದಲು ಅದನ್ನು ಒಪ್ಪಿಕೊಳ್ಳಬಾರದು ಎಂಬುದು ಸಾಹೇಬರ ಕಚೇರಿಯ ಪದ್ಧತಿ. ಅಭ್ಯಾಸಬಲದಿಂದ, ನಮ್ಮ ಕಡೆಯಿಂದ ಯಾವ ಸೋರಿಕೆಯೂ ಇಲ್ಲ ಎಂದುಬಿಟ್ಟರು. ಆಮೇಲೆ ಕನ್ನಡಕ ಒರೆಸಿಕೊಂಡು ಹುಡುಕಿದಾಗ, ಕಿವಿಯ ಹಿಂದೆ ಕೂದಲೆಳೆಯಷ್ಟು ಸಂದು ಸಿಕ್ಕಿತು.

ಟೀಚರಮ್ಮನಿಗೆ ಇದೆಲ್ಲ ಅರ್ಧಂಬರ್ಧ ಕೇಳಿಸುತ್ತಿತ್ತು. ಹುಡುಗಿಯ ವಯಸ್ಸೆಷ್ಟು ಎಂದು ಮೇಷ್ಟ್ರು ಕೇಳಿದ್ದು, ಐವತ್ತರ ಹತ್ತಿರ ಎಂದು ಸಾಹೇಬರು ಹೇಳಿದ್ದು. ಮೈಬಣ್ಣ ಗೋಧಿ, ಕೆನ್ನೆ ತುಂಬಿಕೊಂಡಿದೆ, ಮುಂಗೂದಲಲ್ಲಿ ಬಿಳಿ ಎಳೆ, ಹಲ್ಲಿನ ನಡುವೆ ಸಂದು, ಕೆಲಸ ಬಸ್ ಓಡಿಸೋದು ಎಂದದ್ದು. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬದ ಮನುಷ್ಯ ಮೆಟ್ಟಿಲ ಮೇಲೆ ಕುಳಿತು ಯಾರೊಂದಿಗೋ ಇಂಥ ಮಾತಾಡಿದರೆ, ಆ ಯಾರೋ ಮದುವೆ ದಲ್ಲಾಳಿಯಲ್ಲದೆ ಇನ್ನಾರಾಗಿರಲು ಸಾಧ್ಯ? ಟೀಚರಮ್ಮ ಹಾಗೆಂದು ತೀರ್ಮಾನಿಸಿದರು. ಆದರೂ ಆತುರಪಡುವವರಲ್ಲ ಅವರು. ಇನ್ನಷ್ಟು ಪುರಾವೆಗಾಗಿ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡರು.

ಪುರಾವೆ ಮರುದಿನವೇ ಬಂತು. ಚಿತ್ರದಲ್ಲಿ ಮೈಗೊಂದು ಪದರ, ಬಟ್ಟೆಗೊಂದು ಪದರ, ಹೀಗೆ ಒಂದರ ಮೇಲೊಂದು ಹೊದಿಸಿ ಬೇಕಾದ್ದನ್ನು ಮುಚ್ಚಿ ತೆರೆದು ಕೆಲಸ ಮಾಡಬೇಕು ಎಂಬುದು ಅಂದಿನ ಪಾಠ. ಅದರಲ್ಲಿ ಗೋಡೆ ದಾಟಿದ್ದು ಮೇಷ್ಟ್ರ ಒಂದೇ ಒಂದು ಗುಡುಗು: "ಬಟ್ಟೆ ತೆಗೆದಿಡಿ ಸಾರ್. ಮೊದಲು ಮೈ ನೋಡೋಣ." ಟೀಚರಮ್ಮ ಕಿಟಕಿಯನ್ನು ದಡಾರನೆ ಮುಚ್ಚಿದರು. ಸ್ವಲ್ಪ ಹೊತ್ತಿನ ನಂತರ, ಗಾಳಿಗಾಗಿ, ಒಂದು ಬೆರಳಿನಷ್ಟು ತೆರೆದರು.

ಹಾಗೆ ತೆರೆದ ಸಂದಿನಿಂದ ಅವರಿಗೆ ಕಾಣದೆ ಹೋದದ್ದೂ ಒಂದಿದೆ. ಆ ವಾರದ ಕೊನೆಯಲ್ಲಿ ಸಾಹೇಬರು ಡ್ರೈವರಮ್ಮನ ಕತ್ತಿನ ಕೆಳಗೆ, ಕಣ್ಣಿನ ಕೆಳಗೆ ನೆರಳು ಹಾಕಿ ಮೇಷ್ಟ್ರಿಗೆ ಕಳಿಸಿದ್ದರು. ಗೋಧಿ ಬಣ್ಣಕ್ಕೆ ಕಪ್ಪು ಬೆರೆಸಿದ ನೆರಳು. ಮೇಷ್ಟ್ರು ಅದನ್ನು ನೋಡಿ, ನೆರಳಿಗೂ ತನ್ನದೇ ಬಣ್ಣ ಇರುತ್ತದೆ ಎಂದರು. ಒಳಗೆ ರಕ್ತ ಓಡುವ ಮೈಯಲ್ಲಿ ಅದು ಕಂದುಗೆಂಪಾಗಿ ಬರಬೇಕು, ಅಂಚಿನಲ್ಲಿ ಬೇಕಾದರೆ ಒಂಚೂರು ನೀಲಿ. "ಕಪ್ಪು ಬೆರೆಸಿದ್ರೆ ಹೆಣದ ಮುಖ ಆಗುತ್ತೆ ಸಾರ್. ನೋಡಿಲ್ವಾ ನೀವು?"

ನೆಟ್‌ವರ್ಕ್ ಹೋಯಿತೆಂದುಕೊಂಡು ಮೇಷ್ಟ್ರು ಹಲೋ ಹಲೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

"ನೋಡಿದೀನಿ," ಎಂದರು ಸಾಹೇಬರು.

ಅಷ್ಟರಲ್ಲಿ ಟೀಚರಮ್ಮ ಸಾಹೇಬರ ಅಕ್ಕನಿಗೆ ಫೋನ್ ಮಾಡಿದ್ದರು. ಊರಿನ ಇನ್ನೊಂದು ತುದಿಯಲ್ಲಿದ್ದ ಈ ಅಕ್ಕ, ಸುದ್ದಿ ಕೇಳಿದ ಕೂಡಲೇ ಒಂದು ಚೀಲ ಮತ್ತು ಗಂಡ, ಇಷ್ಟನ್ನು ತೆಗೆದುಕೊಂಡು ಬಂದಿಳಿದರು. ಭಾವನವರು ಮದುವೆಯಾದಂದಿನಿಂದ ಒಂದು ವಾಕ್ಯವನ್ನೂ ಪೂರ್ತಿ ಮಾಡಿದವರಲ್ಲ. ಅವರು ಶುರು ಮಾಡುತ್ತಿದ್ದರು, ಅಕ್ಕ ಮುಗಿಸುತ್ತಿದ್ದರು. ಟೀಚರಮ್ಮನ ಮನೆಯಲ್ಲೇ ಸಭೆ ನಡೆಯಿತು. ತಮ್ಮನನ್ನು ಈಗಲೇ ಕೇಳಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ, ಮೊದಲು ಹೆಣ್ಣು ಯಾರೆಂದು ಪತ್ತೆ ಮಾಡಬೇಕು ಎಂದು ಅಕ್ಕ ನಿಶ್ಚಯಿಸಿದರು. ಭಾವನವರು, ಅಲ್ಲ ಒಂದ್ಸಲ ಅವನನ್ನೇ, ಎಂದು ಶುರು ಮಾಡಿದ್ದನ್ನು ಯಾರೂ ಮುಗಿಸಲಿಲ್ಲ.

ಇಬ್ಬರು ಹೆಂಗಸರೂ ಬಸ್ ಡಿಪೋಗೆ ಹೋದರು. ಐವತ್ತರ ಆಸುಪಾಸು, ಗೋಧಿ ಬಣ್ಣ, ಮುಂಗೂದಲಲ್ಲಿ ಬಿಳಿ ಎಳೆ, ಹಲ್ಲಿನ ನಡುವೆ ಸಂದು ಎಂದು ವರ್ಣಿಸಿದ ಕೂಡಲೇ ಮ್ಯಾನೇಜರು, ಹೌದು, ನಮ್ಮಲ್ಲಿ ಇದ್ದಾರೆ, ಏನು ಮಾಡಿದರು ಎಂದು ಕೇಳಿದರು. ಇದ್ದಾರೆ ಎಂಬುದನ್ನು ಕೇಳಿ ಅಕ್ಕ ಎದುರಿನ ಬೆಂಚಿನ ಮೇಲೆ ಕುಳಿತರು. ಅಲ್ಲಿಯವರೆಗೂ ಮನಸ್ಸಿನ ಮೂಲೆಯಲ್ಲಿ, ಇದೆಲ್ಲ ಟೀಚರಮ್ಮನ ಕಿವಿಯ ದೋಷ ಆಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ಅವರಿಗಿತ್ತು. ತನ್ನ ತಮ್ಮನನ್ನು ಆಕೆ ಮದುವೆಯಾಗಲಿದ್ದಾಳೆ ಎಂದರು. ಮ್ಯಾನೇಜರು ಗಂಭೀರರಾದರು. ಡ್ರೈವರುಗಳು ಮದುವೆಯಾಗಬಾರದೆಂಬ ನಿಯಮವೇನೂ ಇಲ್ಲ. ಆದರೆ ಆ ಡ್ರೈವರಿಗೆ ದರ್ಜಿ ಕೆಲಸ ಮಾಡುವ ಗಂಡ ಈಗಾಗಲೇ ಇದ್ದಾರಾದ್ದರಿಂದ ವಿಚಾರಣೆ ನಡೆಸಬೇಕಾಗುತ್ತದೆ ಎಂದರು.

ಅಕ್ಕ ಅಲ್ಲಿಂದಲೇ ಸಾಹೇಬರ ಮಗಳಿಗೆ ಫೋನ್ ಮಾಡಿದರು. ಬೇರೆ ಊರಿನ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದ ಮಗಳು ಬರ್ತೀನಿ ಅತ್ತೆ ಎಂದಷ್ಟೇ ಹೇಳಿ ಫೋನಿಟ್ಟಳು.

ಶನಿವಾರ ಮಧ್ಯಾಹ್ನ ಸಾಹೇಬರು ಅರ್ಧ ದಿನದ ಕಚೇರಿ ಮುಗಿಸಿ ಮನೆಗೆ ಬಂದಾಗ, ಮುಂದಿನ ಕೋಣೆಯಲ್ಲಿ ಅಕ್ಕ, ಭಾವ, ಮಗಳು ಸಾಲಾಗಿ ಕುಳಿತಿದ್ದರು. ನೆರೆಹೊರೆಯ ಪ್ರತಿನಿಧಿಯಾಗಿ ಟೀಚರಮ್ಮ ಬಾಗಿಲ ಬಳಿ ನಿಂತಿದ್ದರು. ಮಗಳನ್ನು ಕಂಡು ಸಾಹೇಬರ ಮುಖ ಅರಳಿತು. ಮಗಳು ಮುಖ ತಿರುಗಿಸಿದಳು.

"ನಮಗೆಲ್ಲ ಗೊತ್ತಾಗಿದೆ," ಎಂದರು ಅಕ್ಕ. "ನೀನೇ ಬಾಯಿಬಿಟ್ಟು ಹೇಳ್ತೀಯೋ, ನಾವೇ ಹೇಳಬೇಕೋ?"

ಸಾಹೇಬರು ಊಟದ ಡಬ್ಬಿಯನ್ನು ನೆಲದ ಮೇಲಿಟ್ಟರು. ಸಂಪಾದಕರಿಗೆ ಹೇಳಿದ ಸುಳ್ಳು ಹೇಗೋ ಬಯಲಾಗಿದೆ, ಸತ್ತ ಹೆಂಡತಿಯ ಕೆಲಸದಲ್ಲಿ ಪಾಲು ಹೊಡೆದವನೆಂದು ಎಲ್ಲರೂ ಬಂದು ಕುಳಿತಿದ್ದಾರೆ ಎಂದೇ ಅವರಿಗನಿಸಿತು.

"ತಪ್ಪಾಯ್ತು ಅಕ್ಕ. ಅವಳನ್ನ ಇನ್ನೊಬ್ಬರ ಕೈಗೆ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ."

"ಯಾವಾಗಿಂದ ನಡೀತಿದೆ?"

"ಎರಡು ವಾರದಿಂದ. ದಿನಾ ಸಂಜೆ ಕೂತ್ಕೋತೀವಿ. ರಜೆ ಇದ್ರೆ ಬೆಳಗ್ಗೆಯಿಂದಾನೇ."

ಅಕ್ಕ ಗಂಡನ ತೋಳು ಹಿಡಿದುಕೊಂಡರು. "ಎಲ್ಲಿ ಇಟ್ಕೊಂಡಿದೀಯ ಅವಳನ್ನ?"

"ಒಳಗಿನ ರೂಮಲ್ಲಿ. ಮೇಜಿನ ಮೇಲೆ."

ಮಗಳು ಆಗ ತಿರುಗಿದಳು. "ಅಮ್ಮನ ಮೇಜಿನ ಮೇಲಾ ಅಪ್ಪ?"

"ಮತ್ತೆಲ್ಲಿಡ್ಲಿ ಮಗಳೇ? ಚಾರ್ಜರ್ ಅಲ್ಲೇ ಇರೋದು."

ಚಾರ್ಜರ್ ಎಂಬ ಮಾತು ಕೋಣೆಯ ಮಧ್ಯೆ ಬಂದು ಬಿದ್ದಿತು. ಅದನ್ನು ಈ ಮದುವೆಯ ಯಾವ ಭಾಗಕ್ಕೆ ಜೋಡಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಭೂಪಟ ತೋರಿಸಿದ್ದ ಟೀಚರಮ್ಮನಿಗೂ ದಿಕ್ಕು ತಪ್ಪಿದಂತಾಯಿತು. ಅದೇ ಹೊತ್ತಿಗೆ ಅವರ ಬೆನ್ನ ಹಿಂದೆ ಗೇಟು ಕಿರುಗುಟ್ಟಿ, ಖಾಕಿ ಅಂಗಿಯ ಹೆಂಗಸೊಬ್ಬರು ಒಳಗೆ ಬಂದರು. ಮುಂಗೂದಲಲ್ಲಿ ಬಿಳಿ ಎಳೆ.

"ಇಲ್ಲಿ ನನ್ನನ್ನ ಮದುವೆ ಆಗೋರು ಯಾರು?" ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಯಾರು ಎಂದು ಕೇಳುವಷ್ಟೇ ನಿರಾಳವಾಗಿ ಕೇಳಿದರು. "ಮ್ಯಾನೇಜರ್ ವಿವರಣೆ ಕೇಳಿದಾರೆ, ಅದಕ್ಕೆ ವಿಳಾಸ ತಗೊಂಡು ಬಂದೆ. ನಮ್ಮ ಮನೆಯವರು ಹೊರಗೆ ಸ್ಕೂಟರ್ ಹತ್ರ ನಿಂತಿದಾರೆ. ಅವರಿಗೂ ಒಂದು ಸಲ ನೋಡಬೇಕಂತೆ."

ಸಾಹೇಬರು ಆಕೆಯನ್ನು ನೋಡಿದರು. ಬಿಳಿ ಎಳೆ, ಹಲ್ಲಿನ ಸಂದು, ತುಂಬಿದ ಕೆನ್ನೆ. ಒಳಗೆ ಹೋಗಿ ಟ್ಯಾಬ್ ತಂದು, ಮಗಳ ತೊಡೆಯ ಮೇಲಿಟ್ಟರು. ಮಗಳು ನೋಡಿದಳು. ಅಮ್ಮನ ಗೆರೆ ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಗೆರೆಗಳೊಳಗೆ, ಅಲ್ಲಲ್ಲಿ ಅಂಚು ಮೀರಿ, ಅಪ್ಪನ ಬಣ್ಣ ಇತ್ತು. ನಾಲ್ಕಾರು ಸಲ ಬಳಿದು ಅಳಿಸಿದ ಮುಖ ಇನ್ನೂ ಅರ್ಧಕ್ಕೇ ನಿಂತಿತ್ತು.

ಆಮೇಲೆ ಅದು ಅಕ್ಕನ ಕೈಗೆ, ಅಕ್ಕನಿಂದ ಭಾವನ ಕೈಗೆ, ಅಲ್ಲಿಂದ ಟೀಚರಮ್ಮನ ಕೈಗೆ ಹೋಯಿತು. ಮೇಷ್ಟ್ರು, ಮೆಟ್ಟಿಲು, ಪದರ, ಸಂಪಾದಕರು ಎಲ್ಲವನ್ನೂ ಸಾಹೇಬರು ತಡವರಿಸುತ್ತ ಹೇಳಿದರು. ಬಟ್ಟೆಯ ಪದರದ ವಿವರ ಬಂದಾಗ ಟೀಚರಮ್ಮ ಕೆಮ್ಮಿದರು. ಕೊನೆಗೆ ಟ್ಯಾಬ್ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಕೈಸೇರಿತು.

"ಇದು ನಾನು," ಎಂದರು ಆಕೆ. ಹತ್ತಿರ ಹಿಡಿದು ನೋಡಿ ನಕ್ಕರು. "ಮೊದಲನೇ ಸೀಟಿನ ಮೇಡಂ ಬರೆದದ್ದು. ಮುಗಿದ ಮೇಲೆ ತೋರಿಸ್ತೀನಿ ಅಂದಿದ್ರು. ಎಲ್ಲಿ ಅವರು? ಯಾಕೆ ಬಸ್ಸಿಗೆ ಬರ್ತಾನೇ ಇಲ್ಲ?"

ಸಾಹೇಬರು ನೆಲ ನೋಡಿದರು. ಮಗಳು ಅಪ್ಪನನ್ನು ನೋಡಿದಳು. ಎಂದೂ ಮಾತಿಗೆ ಕಾಯದ ಅಕ್ಕನ ಬಾಯೂ ಕಟ್ಟಿತು.

"ಅವರು ತೀರಿಕೊಂಡ್ರು ತಾಯಿ," ಎಂದರು ಭಾವನವರು. ಪೂರ್ತಿಯಾಗಿ.

ಡ್ರೈವರ್ ಹೊಸ್ತಿಲ ಹತ್ತಿರದ ಸ್ಟೂಲಿನ ಮೇಲೆ ಮೆಲ್ಲಗೆ ಕುಳಿತರು. ಟ್ಯಾಬ್ ಇನ್ನೂ ಅವರ ಕೈಯಲ್ಲೇ ಇತ್ತು. ಪ್ರತಿ ಮಂಗಳವಾರ ಆ ಮೇಡಂ ತನ್ನ ಬಸ್ಸಿಗೆ ಬರುತ್ತಿದ್ದರು, ತನ್ನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು, ಬಸ್ಸಿನ ಕನ್ನಡಿಯಲ್ಲಿ ತನ್ನ ಮುಖ ನೋಡಿ ಬರೆಯುತ್ತಿದ್ದರು ಎಂದೆಲ್ಲ ಹೇಳಿದರು.

ಮಂಗಳವಾರ ಎಂದರೆ ಅವಳು ಪತ್ರಿಕೆಯ ಆಫೀಸಿಗೆ ಹೋಗುತ್ತಿದ್ದ ದಿನ ಎಂದರು ಸಾಹೇಬರು.

ಡ್ರೈವರ್ ಸ್ವಲ್ಪ ಅನುಮಾನಿಸಿದರು. "ನನ್ನ ಬಸ್ಸು ದೊಡ್ಡಾಸ್ಪತ್ರೆ ಗೇಟಿಗೆ ಹೋಗಿ ವಾಪಸ್ ಬರೋದು ಸಾರ್. ಆ ದಾರೀಲಿ ಪತ್ರಿಕೆ ಆಫೀಸು ಇಲ್ಲ."

ಸಾಹೇಬರಿಗೆ ಹೆಂಡತಿಯ ಕಾಯಿಲೆ ತಿಳಿದದ್ದು ಕೊನೆಯ ಎರಡು ತಿಂಗಳಲ್ಲಿ. ಆಸ್ಪತ್ರೆಗೆ ಅವರು ಹೋದದ್ದು ಆ ಕೊನೆಯ ದಿನಗಳಲ್ಲಿ, ಕಾರಿನಲ್ಲಿ. ಅದಕ್ಕೂ ಮೊದಲಿನ ಮಂಗಳವಾರಗಳಲ್ಲಿ ಅವರು ದೂರು ವಿಭಾಗದಲ್ಲಿ ಕುಳಿತು ಊರಿನವರ ಕಷ್ಟಗಳನ್ನು ಕೊನೆಯವರೆಗೆ ಕೇಳುತ್ತಿದ್ದರು. ಯಜಮಾನರಿಗೆ ಯಾಕೆ ಹೇಳಿಲ್ಲ ಎಂದು ತಾನು ಒಮ್ಮೆ ಕೇಳಿದ್ದೆ ಎಂದರು ಡ್ರೈವರ್. "ಹೇಳಿದ್ರೆ ರಜೆ ಹಾಕಿ ಜೊತೆಗೆ ಬರ್ತಾರೆ, ಅವರನ್ನ ಸಮಾಧಾನ ಮಾಡೋದ್ರಲ್ಲೇ ನನಗೆ ಸುಸ್ತಾಗುತ್ತೆ ಅಂದ್ರು."

ಅಕ್ಕ ನಗಲು ಹೋಗಿ ಅತ್ತುಬಿಟ್ಟರು. ಮಗಳು ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕುಳಿತು, ನನಗೂ ಹೇಳಲಿಲ್ಲ ಅಪ್ಪ ಎಂದಳು. ಅದೊಂದನ್ನೇ ಎರಡು ಮೂರು ಸಲ ಹೇಳಿದಳು.

ಸಾಹೇಬರು ಬೆರಳಿನಿಂದ ಬಸ್ಸಿನ ಅಂಚಿನ ಗೆರೆಯನ್ನು ತೋರಿಸಿದರು. ಅದು ಅಲ್ಲಲ್ಲಿ ನಡುಗಿತ್ತು. ಬರೆಯುವಾಗ ಅವಳ ಕೈ ಇಷ್ಟೊಂದು ನಡುಗುತ್ತಿತ್ತೇ, ಅಷ್ಟು ನೋವಿತ್ತೇ ಎಂದು ಕೇಳಿದರು. ಡ್ರೈವರ್ ಆ ಗೆರೆಯನ್ನು ಚೆನ್ನಾಗಿ ನೋಡಿದರು.

"ಇದು ಸೇತುವೆ ಆಚೆಗಿನ ರಸ್ತೆ ಸಾರ್. ಅಲ್ಲಿ ಬಸ್ಸು ಹಾಗೇ ಅಲ್ಲಾಡುತ್ತೆ. ಅವರ ಕೈ ನೆಟ್ಟಗಿತ್ತು."

ಅದು ನಿಜವಿತ್ತೋ, ಆ ಹೊತ್ತಿಗೆ ಹೇಳಬೇಕೆನಿಸಿದ್ದೋ, ನಮಗೆ ಗೊತ್ತಿಲ್ಲ. ಸಾಹೇಬರು ಆ ಗೆರೆಯನ್ನು ತಿದ್ದದೆ ಹಾಗೆಯೇ ಬಿಟ್ಟರು.

ಆಮೇಲೆ ಡ್ರೈವರ್ ತಾವಾಗಿಯೇ, ಮುಖ ಮುಗಿಸಿಬಿಡಿ ಎಂದು ಸ್ಟೂಲನ್ನು ಕಿಟಕಿಯ ಬೆಳಕಿಗೆ ಸರಿಸಿಕೊಂಡರು. ಅಕ್ಕ ಪರದೆ ಎತ್ತಿ ಹಿಡಿದು ನಿಂತರು. ಒಳಗೆ ಕರೆಸಲಾದ ದರ್ಜಿ ಗಂಡ ಖಾಕಿಯ ನೆರಳು ಹಸಿರಿಗೆ ಹೊರಳುತ್ತದೆಂದರು. ಟೀಚರಮ್ಮ ಇಲ್ಲ, ಮಣ್ಣಿನ ಕಡೆಗೆ ಹೊರಳುತ್ತದೆಂದರು. ಬಾಗಿಲಾಚೆ ಮೆಟ್ಟಿಲ ಮೇಲಿಟ್ಟಿದ್ದ ಫೋನಿನಿಂದ ಬಣ್ಣದ ಮೇಷ್ಟ್ರು ಇಬ್ಬರನ್ನೂ ಬೈದರು. ಸಾಹೇಬರು ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕಿಟಕಿಯ ಕಡೆಗಿದ್ದ ಕೆನ್ನೆಯಲ್ಲಿ ಗೋಧಿಗಿಂತ ಜೇನಿನ ಬಣ್ಣವೇ ಹೆಚ್ಚಿತ್ತು. ಕತ್ತಿನ ಕೆಳಗೆ, ಮೇಷ್ಟ್ರು ಹೇಳಿದ್ದ ಹಾಗೆಯೇ, ಕಂದುಗೆಂಪು. ಇವರ ಹೆಂಡತಿ ಅದೆಷ್ಟೋ ಮಂಗಳವಾರ ಕನ್ನಡಿಯಲ್ಲಿ ನೋಡುತ್ತ ಹೋದ ಮುಖ ಅದು. ಸಂಜೆಯ ಹೊತ್ತಿಗೆ ಡ್ರೈವರಮ್ಮನ ಮುಖಕ್ಕೆ ಜೀವ ಬಂತು.

ಪತ್ರಿಕೆ ಅಚ್ಚಾಗಿ ಬಂದಾಗ ಅದೇ ಮುಖ ಸ್ವಲ್ಪ ಹಸಿರಾಗಿತ್ತು. ಸಾಹೇಬರು ಕಂಗಾಲಾಗಿ ಮೇಷ್ಟ್ರಿಗೆ ಫೋನ್ ಮಾಡಿದರು. ಗಾಜಿನಲ್ಲಿ ಬೆಳಗೋ ಬಣ್ಣ ಬೇರೆ, ಕಾಗದದ ಮೇಲೆ ಮಸಿಯಲ್ಲಿ ಬರೋ ಬಣ್ಣ ಬೇರೆ, ಅದು ಮುಂದಿನ ಪಾಠದಲ್ಲಿತ್ತು ಎಂದರು ಮೇಷ್ಟ್ರು.

ಡ್ರೈವರನ್ನು ಕಂಡು ಕ್ಷಮೆ ಕೇಳಲೆಂದು ಸಾಹೇಬರು ಒಂದು ಮಂಗಳವಾರ ರಜೆ ಹಾಕಿದರು. ಮೈಗೆ ಹುಷಾರಿಲ್ಲವೇ ಎಂದು ಮೇಲಧಿಕಾರಿ ಎರಡೆರಡು ಸಲ ಕೇಳಿದರು. ಡಿಪೋದಲ್ಲಿ ಬಸ್ಸು ಹೊರಡುವುದರಲ್ಲಿತ್ತು. ಡ್ರೈವರ್ ಪತ್ರಿಕೆಯನ್ನು ಸ್ಟಿಯರಿಂಗ್ ಮೇಲಿಟ್ಟು ನೋಡಿ, ಪರವಾಗಿಲ್ಲ ಸಾರ್, ಬಸ್ಸಿನ ಬಣ್ಣಕ್ಕೆ ಹೊಂದುತ್ತೆ ಎಂದರು. ಇಳಿಯಲು ತಿರುಗಿದ ಸಾಹೇಬರು ಯಾಕೋ ಇಳಿಯಲಿಲ್ಲ. ಮೊದಲನೇ ಸೀಟಿನಲ್ಲಿ ಕುಳಿತರು.

ಸೇತುವೆ ದಾಟಿದ ಮೇಲೆ ಬಸ್ಸು ಕುಲುಕಿತು. ನಿಜವಾಗಿಯೂ ಚೆನ್ನಾಗಿಯೇ ಕುಲುಕಿತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಸಾಹೇಬರೂ ಇಳಿದರು. ಆಸ್ಪತ್ರೆಯ ಗೇಟು ಎದುರಿಗೇ ಇತ್ತು. ಆದರೆ ಗೇಟಿನಿಂದ ಕಟ್ಟಡದವರೆಗೆ ಉದ್ದಕ್ಕೂ ಏರು. ಕಾರಿನಲ್ಲಿ ಹೋದಾಗ ಅದು ಅವರ ಗಮನಕ್ಕೆ ಬಂದಿರಲಿಲ್ಲ. ಅವರು ನಡೆದರು. ನಡುದಾರಿಯಲ್ಲಿ ಕಂಬವೊಂದನ್ನು ಹಿಡಿದು ನಿಂತು, ಮತ್ತೆ ನಡೆದರು. ಮೇಲಿನ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ ಬಂದರು.

ಬಸ್ಸು ಅವರಿಗಾಗಿ ಕಾದಿತ್ತು. ಸೀಟಿನಲ್ಲಿ ಕುಳಿತು ಉಸಿರು ಹದಕ್ಕೆ ಬಂದ ಮೇಲೆ, "ಏರು ಜಾಸ್ತಿ ಇದೆ," ಎಂದರು.

"ಹೌದು ಸಾರ್," ಎಂದರು ಡ್ರೈವರ್. "ಅವರು ಅರ್ಧಕ್ಕೆ ನಿಂತು, ತಿರುಗಿ ನನಗೆ ಕೈ ಬೀಸೋರು. ಸುಸ್ತಾಗಿ ನಿಂತಿದಾರೆ ಅಂತ ಗೊತ್ತಾಗ್ತಿತ್ತು. ನಾನೂ ಗೊತ್ತಿಲ್ಲದವಳ ಹಾಗೆ ಕೈ ಬೀಸ್ತಿದ್ದೆ."

ಹಿಂದಿನ ಸೀಟುಗಳಲ್ಲಿ ಜನ ಹೊತ್ತಾಯಿತೆಂದು ಗೊಣಗುತ್ತಿದ್ದರು. ಡ್ರೈವರ್ ಗೇರು ಹಾಕಿದರು. ಬಸ್ಸು ತಿರುಗಿ ರಸ್ತೆಗೆ ಬರುವವರೆಗೂ ಸಾಹೇಬರು ಕಿಟಕಿಗೆ ಮುಖ ಕೊಟ್ಟು ಆ ಏರನ್ನೇ ನೋಡುತ್ತಿದ್ದರು.